ಚಳಿಗೆ ಕುಗ್ಗುವ ಪಾದಗಳು

ಮದರಾಸಿಗೆ ಬಂದು ಮೂರು ವರ್ಷವಾಗುವಷ್ಟರಲ್ಲಿ ನಾನು ತಮಿಳನ್ನು ಅರೆದು ಕುಡಿದಿದ್ದೆ. ಇದು ನನ್ನ ಸ್ವಂತ ಅಭಿಪ್ರಾಯ. ತಮಿಳರ ಅಭಿಪ್ರಾಯ ಕೇಳುವ ಸಂದರ್ಭವೇ ಒದಗಿರಲಿಲ್ಲ. ಬೆಳಗಿನ ಇಡ್ಲಿ ನಮ್ಮ ಕುಂದಾಪುರದ ಕಡೆಯವರ ಹೋಟೆಲಿನಲ್ಲಿ, ಕನ್ನಡದಲ್ಲಿ. ಹಗಲಿನ ಗುಮಾಸ್ತಗಿರಿ ವಿಮಾ ಕಚೇರಿಯಲ್ಲಿ, ಇಂಗ್ಲಿಷಿನಲ್ಲಿ. ಸಂಜೆಯ ಬೈಗುಳ ತಿರುವಲ್ಲಿಕ್ಕೇಣಿಯ ಬಾಡಿಗೆ ಮನೆಯಲ್ಲಿ, ಮತ್ತೆ ಕನ್ನಡದಲ್ಲಿ. ಹೀಗೆ ಎಲ್ಲಿಯೂ ಪರೀಕ್ಷೆಗೆ ಕೂರದೆ ನನ್ನ ತಮಿಳು ದಿನೇ ದಿನೇ ಅಭಿವೃದ್ಧಿ ಹೊಂದುತ್ತಿತ್ತು. ಅದಕ್ಕೊಂದು ಸೂತ್ರವನ್ನೂ ಕಂಡುಹಿಡಿದಿದ್ದೆ. ಕನ್ನಡದ ಪದ ತೆಗೆದುಕೊಳ್ಳಿ, ಬೇಕು ಎನ್ನಲು ಬಾಲಕ್ಕೆ ‘ವೇಣುಂ’, ಉಂಟೋ ಎನ್ನಲು ‘ಇರುಕ್ಕಾ’ ಕಟ್ಟಿ, ಸ್ವಲ್ಪ ಜೋರಾಗಿ ಹೇಳಿ. ಮುಗಿಯಿತು!

ನನ್ನ ಹೆಂಡತಿ ಸುಗುಣ ಮದರಾಸಿನಲ್ಲೇ ಹುಟ್ಟಿ ಬೆಳೆದವಳು. ಅವಳ ಅಪ್ಪ ಇಲ್ಲಿನ ಸಸ್ಯಾಹಾರಿ ಹೋಟೆಲೊಂದರ ಮ್ಯಾನೇಜರು. ಅವಳ ಕನ್ನಡದಲ್ಲಿ ತಮಿಳು ಸಾಂಬಾರಿನಲ್ಲಿ ತೊಗರಿಬೇಳೆ ಕರಗಿದ ಹಾಗೆ ಕರಗಿತ್ತು. ನನ್ನ ಸೂತ್ರ ಕೇಳಿ ಅವಳು ತುಂಬ ಹೊತ್ತು ನಕ್ಕಳು. ನಾನು ಅದನ್ನು ಮೆಚ್ಚುಗೆ ಎಂದು ತಿಳಿದುಕೊಂಡೆ.

ಒಂದು ಸಂಜೆ ತಾರಸಿಯ ಮೇಲೆ ಕೂತಿದ್ದೆವು. ಸಮುದ್ರದ ಗಾಳಿ ಬೀಸತೊಡಗಿತ್ತು. ಕೆಳಗಿನ ರಸ್ತೆಯಲ್ಲಿ ಕಾಸಿಮೇಡಿನಿಂದ ಬಂದ ಮೀನಿನ ಲಾರಿಯೊಂದು ಐಸಿನ ನೀರು ತೊಟ್ಟಿಕ್ಕಿಸುತ್ತಾ ಹೋಯಿತು. ಸುಗುಣ ಅದನ್ನೇ ನೋಡುತ್ತಾ ಕೇಳಿದಳು:

“ಇವ್ರೇ, ಚಳಿ ಅಂದ್ರೆ ಎಪ್ಪಡಿ ಇರ್ತದೆ?”

“ಚಳಿ ಅಂದ್ರೆ ಚಳಿ. ಅದರಲ್ಲಿ ಎಂತ ಉಂಟು?”

“ನಾನು ನೋಡಿದ ಚಳಿ ಅಂದ್ರೆ ಆ ಲಾರಿಯ ಐಸು ಮಟ್ಟುಂದಾನ್, ಅಷ್ಟೇ. ಬಾಯಿಂದ ಹೊಗೆ ಬರ್ತದಂತೆ, ನಿಜವಾ? ಒಂದು ಸಲ, ಒರೇ ಒಂದು ಸಲ, ನಾನು ಚೆನ್ನಾಗಿ ನಡುಗಬೇಕು.”

ಮದುವೆಯಾದಂದಿನಿಂದ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಉಳಿದವರ ಹೆಂಡತಿಯರು ಚಿನ್ನ ಕೇಳುತ್ತಾರೆ, ನನ್ನವಳು ಚಳಿ ಕೇಳಿದಳು! ನನಗೆ ಎಂಥ ಪ್ರೀತಿ ಉಕ್ಕಿತೆಂದರೆ, “ಕ್ರಿಸ್‌ಮಸ್ ರಜೆಗೆ ಊಟಿ!” ಎಂದು ಅಲ್ಲೇ ಘೋಷಿಸಿಬಿಟ್ಟೆ. ಚಳಿಯ ವಿಷಯದಲ್ಲಿ ನಾನು ಸಾಧಾರಣ ಮನುಷ್ಯನಲ್ಲವೆಂದೂ ತಿಳಿಸಿದೆ. ಒಂದು ವರ್ಷ ಶಿವಮೊಗ್ಗದಲ್ಲಿ ಓದಿದವನು. ಅಲ್ಲಿ ಒಂದು ಡಿಸೆಂಬರಿನ ಬೆಳಿಗ್ಗೆ ಸೀನಿದ್ದೂ ಉಂಟು.

ಅಂದಿನಿಂದ ನನ್ನ ತಲೆಯೊಳಗೆ ಮಂಜು ಇಳಿಯತೊಡಗಿತು. ಕಚೇರಿಯಲ್ಲಿ ಫ್ಯಾನು ಕಿರುಗುಟ್ಟುತ್ತಿದ್ದರೆ ನಾನು ಪೈನ್ ಮರಗಳ ನಡುವೆ ಇರುತ್ತಿದ್ದೆ. ಮಂಜಿನೊಳಗಿಂದ ಉದ್ದ ಕೋಟಿನ ಗಂಭೀರ ಪುರುಷನೊಬ್ಬ ಬರುತ್ತಾನೆ. ಕಾಲರು ಕಿವಿಯವರೆಗೆ ಎತ್ತಿದೆ. ಬೂಟು ಟಕ್ ಟಕ್ ಎನ್ನುತ್ತಿದೆ. ಪಕ್ಕದಲ್ಲಿ ಸುಗುಣ. ಅವಳು ಬಾಯಿ ತೆರೆಯುತ್ತಾಳೆ, ಮೊದಲ ಹೊಗೆ ಬರುತ್ತದೆ, ಬೆರಗಾಗಿ ಆ ಪುರುಷನ ಕಡೆ ತಿರುಗುತ್ತಾಳೆ. ಆ ಮುಖವನ್ನು ನಾನು ನೋಡಬೇಕು. ಇಷ್ಟೇ ನನ್ನ ಆಸೆ. ಒಂದು ಅಡಚಣೆಯೆಂದರೆ, ಆ ಪುರುಷನ ಬಳಿ ಕೋಟು ಇತ್ತು, ಬೂಟು ಇತ್ತು. ನನ್ನ ಬಳಿ ಪಂಚೆ ಮತ್ತು ಹವಾಯಿ ಚಪ್ಪಲಿ ಇತ್ತು.

ಸುಗುಣ ಜೊತೆಗೆ ಬರುತ್ತೇನೆಂದಳು. “ಬೇಡ ಮಾರಾಯ್ತಿ, ಗಂಡಸರ ಉಡುಪು. ನಾನೇ ನೋಡಿಕೊಳ್ತೇನೆ,” ಎಂದು ಹೊರಟೆ.

ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಹಳೇ ಸಾಮಾನಿನ ಮಾರ್ಕೆಟ್ಟಿನಲ್ಲಿ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಅಂಗಡಿಯವನು ವಿನಯದಿಂದ ಕೈ ಮುಗಿದ.

“ಎನ್ನ ವೇಣುಂ ಸಾರ್?”

“ರೊಂಬ ಚಳಿ. ಕೋಟು ವೇಣುಂ.”

ಅವನು ಮೂಗಿಗೆ ಟವೆಲು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. “ಸಳಿಯಾ? ಮರುಂದು ಕಡೈ ಅಂದ ಪಕ್ಕಂ, ಸಾರ್,” ಎಂದು ಔಷಧದ ಅಂಗಡಿಯ ದಾರಿ ತೋರಿಸಿದ.

“ಎನಕ್ಕು ಇಲ್ಲೈ. ಊಟಿಯಿಲೆ ಚಳಿ!”

“ಊಟಿ ಪೂರಾವಾ?” ಎಂದ ಅವನು, ಕಣ್ಣರಳಿಸಿ.

ಇವನಿಗೆ ಊಟಿಯ ಹವೆಯೇ ಗೊತ್ತಿಲ್ಲವಲ್ಲ ಎಂದು ಕನಿಕರವಾಯಿತು. ಒಂದು ಕೋಟನ್ನು ಮುಟ್ಟಿ ನೋಡಿ ನೇರವಾಗಿ ವ್ಯಾಪಾರಕ್ಕೆ ಇಳಿದೆ. “ಇದಿಲೆ ಉಣ್ಣೆ ಇರುಕ್ಕಾ?”

ಅವನ ಮುಖ ಕೆಂಪಾಯಿತು. “ಉಣ್ಣಿಯಾ? ನಮ್ಮ ಕಡೈಲೆ ಉಣ್ಣಿಯಾ!”

“ಇಲ್ಲದಿದ್ದರೆ ನನಗೆ ಬೇಡ. ಎನಕ್ಕು ನಿರೈಯ ಉಣ್ಣೆ ವೇಣುಂ! ಕೋಟು ಪೂರಾ ಉಣ್ಣೆ!”

ಅಂಗಡಿಯವನು ಪಕ್ಕದಂಗಡಿಯವನನ್ನು ಕೂಗಿದ. ಪಕ್ಕದವನು ಅದರ ಪಕ್ಕದವನನ್ನು ಕೂಗಿದ. ಎಲ್ಲರೂ ನನ್ನನ್ನು ಸುತ್ತುವರಿದು ನೋಡಿದರು. ಕೊನೆಗೆ ಒಬ್ಬ ಹಿರಿಯ, ಶಾಂತಸ್ವರದಲ್ಲಿ ಸಲಹೆ ಕೊಟ್ಟ: “ಅದುಕ್ಕು ಕೋಟು ಎದುಕ್ಕು ಸಾರ್? ತೆರು ನಾಯ್ ಒಣ್ಣು ಪುಡಿಚ್ಚಿಕ್ಕಿಟ್ಟು ಪೋಂಗ!”

ಅದಕ್ಕೆ ಕೋಟು ಯಾಕೆ, ಬೀದಿನಾಯಿ ಹಿಡಿದುಕೊಂಡು ಹೋಗು ಎಂದದ್ದು ಅರ್ಥವಾಯಿತು. ಯಾಕೆಂದು ಅರ್ಥವಾಗಲಿಲ್ಲ. ಗ್ರಾಹಕರೊಡನೆ ವ್ಯವಹರಿಸುವ ಕ್ರಮ ಇವರಿಗೆ ತಿಳಿಯದೆಂದು ನಿರ್ಧರಿಸಿ, ಕೋಟನ್ನು ಮುಂದೂಡಿ ಪಾದರಕ್ಷೆಯ ಕಡೆಗೆ ಗಮನ ಹರಿಸಿದೆ. ನಮ್ಮೂರಲ್ಲಿ ಪಾದರಕ್ಷೆಗೆ ‘ಮೆಟ್ಟು’ ಎನ್ನುತ್ತೇವೆ. ದಾರಿಯಲ್ಲಿ ಒಬ್ಬರನ್ನು ಕೇಳಿದೆ:

“ಮೆಟ್ಟು ಕಡೈ ಎಂಗೇ?”

“ಮೆಟ್ಟಿಯಾ?”

“ಆಮಾಂ, ಆಮಾಂ!”

ಆತ ತೋರಿಸಿದ್ದು ಬೆಳ್ಳಿಯ ಅಂಗಡಿ. ಒಳಗೆ ಬಿಳಿಯ ಹಾಸು, ಒರಗುದಿಂಬು, ಊದುಬತ್ತಿ. ಮದರಾಸಿನಲ್ಲಿ ಮೆಟ್ಟಿಗೂ ಇಷ್ಟು ಮರ್ಯಾದೆಯೇ ಎಂದು ಹೃದಯ ತುಂಬಿ ಬಂತು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಹಾಸಿನ ಮೇಲೆ ಕೂತೆ. ಆಚೆ ಪಕ್ಕ ಕೆಲವು ಹೆಂಗಸರು ಕೂತಿದ್ದರು.

“ಯಾರುಕ್ಕು? ವೀಟ್ಟು ಅಮ್ಮಾವುಕ್ಕಾ?” ಎಂದರು ಯಜಮಾನರು, ಮನೆಯಾಕೆಗೋ ಎಂಬ ಅರ್ಥದಲ್ಲಿ.

“ಇಲ್ಲೈ. ಎನಕ್ಕುದಾನ್!” ನನಗೇ ಎಂದು ಎದೆ ಮುಟ್ಟಿ ಹೇಳಿದೆ.

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ತಮಿಳಿಗೆ ಬೆರಗಾಗಿದ್ದಾರೆಂದು ಮುಂದುವರಿದೆ: “ತೋಲು ಮೆಟ್ಟು ವೇಣುಂ. ಕಾಲು ಪೂರಾ ಉಳ್ಳೆ ಪೋಗಣುಂ!” ತೊಗಲಿನದು, ಇಡೀ ಕಾಲು ಒಳಗೆ ಹೋಗುವಂಥದ್ದು ಎಂಬುದರಲ್ಲಿ ಅನುಮಾನ ಉಳಿಯದಿರಲೆಂದು ಬಲಗಾಲನ್ನು ಅವರ ಮುಂದೆ ಚಾಚಿಯೂ ತೋರಿಸಿದೆ.

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಯಜಮಾನರು ನನ್ನ ಮುಂದೆ ಒಂದು ತಟ್ಟೆ ಇಟ್ಟರು. ಅದರ ತುಂಬ ಮದುವೆಯಾದ ಹೆಂಗಸರು ತೊಡುವ ಕಾಲುಂಗುರಗಳು ಮಿನುಗುತ್ತಿದ್ದವು!

ಮಾನ ಉಳಿಸಿಕೊಳ್ಳಲು ಒಂದೇ ದಾರಿ ಇತ್ತು. ಒಂದು ಜೊತೆ ಕೊಂಡುಕೊಂಡು ಎದ್ದು ಬಂದೆ.

ಸುಗುಣ ನಕ್ಕು ನಕ್ಕು ನೆಲಕ್ಕೆ ಕೂತಳು. ಕಣ್ಣೊರೆಸಿಕೊಳ್ಳುತ್ತಾ ಪಾಠ ಹೇಳಿದಳು: “ಕಡವುಳೇ! ಇವ್ರೇ, ತಮಿಳಲ್ಲಿ ಸಳಿ ಅಂದ್ರೆ ಮೂಗಲ್ಲಿ ಬರೋ ಶೀತ. ಚಳಿಗೆ ಕುಳಿರು ಅನ್ಬೇಕು. ಉಣ್ಣೆಗೆ ಕಂಬಳಿ ಅನ್ಬೇಕು. ಉಣ್ಣಿ ಅಂದ್ರೆ ದನದ, ನಾಯಿಯ ಮೈಮೇಲೆ ಇರ್ತದಲ್ಲ, ರಕ್ತ ಹೀರೋ ಹುಳ, ಅದು!”

ಹುಳ ತುಂಬಿದ ಕೋಟಿಗಾಗಿ ನಾನು ಬೀದಿಯಲ್ಲಿ ನಿಂತು ಹಟ ಹಿಡಿದಿದ್ದೆ. ಕಾಲುಂಗುರ ಮಾತ್ರ ಅವಳಿಗೆ ಬಹಳ ಚೆನ್ನಾಗಿ ಒಪ್ಪಿತು.

ಮರುದಿನ ಅವಳೇ ಮುಂದೆ, ನಾನು ಹಿಂದೆ. ಅವಳ ತಮಿಳಿಗೆ ಕೋಟು ತಾನಾಗಿ ಕೆಳಗಿಳಿದು ಬಂತು. ಯಾವುದೋ ಎತ್ತರದ ದೊರೆ ಸ್ವದೇಶಕ್ಕೆ ಮರಳುವಾಗ ಬಿಟ್ಟು ಹೋದದ್ದಿರಬೇಕು. ನನ್ನ ಹಿಮ್ಮಡಿಯವರೆಗೂ ಇತ್ತು. ಕನ್ನಡಿಯೊಳಗೆ ಮಂಜಿನ ಪುರುಷನೇ ನಿಂತಿದ್ದ, ಸ್ವಲ್ಪ ಗಿಡ್ಡಗೆ. “ನಿನಗೊಂದು ಸ್ವೆಟರು?” ಎಂದೆ.

“ನಾನು ಹೋಗೋದೇ ನಡುಗೋದಕ್ಕೆ. ಸ್ವೆಟರು ಯಾಕೆ?” ಎಂದಳು.

ಬೂಟಿನ ಅಂಗಡಿಯಲ್ಲಿ ನಾನು ತಮಿಳು ಮಾತಾಡಲೇ ಇಲ್ಲ. ವಿಜ್ಞಾನ ಮಾತಾಡಿದೆ. ನನಗೆ ಸರಿಹೊಂದಿದ ಬೂಟನ್ನು ಬದಿಗೆ ತಳ್ಳಿ, ಅದಕ್ಕಿಂತ ಒಂದು ಸೈಜು ಚಿಕ್ಕದನ್ನು ಎತ್ತಿಕೊಂಡೆ.

“ಇದು ಹಿಡೀತದೆ ಮಾರಾಯ್ರೆ,” ಎಂದಳು ಸುಗುಣ.

“ಮದರಾಸಿನಲ್ಲಿ ಹಿಡಿಯುತ್ತದೆ. ಶೈತ್ಯದಲ್ಲಿ ಸಕಲ ವಸ್ತುಗಳೂ ಸಂಕುಚಿತಗೊಳ್ಳುತ್ತವೆ. ಪಾದವೂ ಒಂದು ವಸ್ತು. ಊಟಿಯಲ್ಲಿ ಇದು ಅಳತೆ ತೆಗೆದು ಹೊಲಿದಂತೆ ಕೂರುತ್ತದೆ.”

ಅಂಗಡಿಯವನು ವಿಜ್ಞಾನಕ್ಕೆ ಕೂಡಲೇ ಶರಣಾದ. ಆ ಚಿಕ್ಕ ಜೊತೆ ಅವನಲ್ಲಿ ಬಹಳ ದಿನದಿಂದ ಉಳಿದಿತ್ತೆಂದು ತೋರುತ್ತದೆ.

ಕೋಟು ಟ್ರಂಕಿನಲ್ಲಿ ಹಿಡಿಸಲಿಲ್ಲ. ಹಾಗಾಗಿ ರೈಲು ಹತ್ತುವಾಗಲೇ ಕೋಟು, ಎರಡೆರಡು ಕಾಲುಚೀಲ, ಬೂಟು, ಎಲ್ಲವನ್ನೂ ಧರಿಸಿಕೊಂಡಿದ್ದೆ. ಮದರಾಸಿನ ಆ ಸಂಜೆ ಬೆವರು ನನ್ನ ಬೆನ್ನಿನಿಂದ ಹೊರಟು ಬೂಟಿನವರೆಗೆ ಪ್ರಯಾಣ ಮಾಡಿತು. ಎದುರಿಗೆ ಕೂತ ಅಜ್ಜಿಯೊಬ್ಬರು ನನ್ನನ್ನು ದಿಟ್ಟಿಸಿ ನೋಡಿ, ಸುಗುಣಳಿಗೆ ಪಿಸುಗುಟ್ಟಿದರು: “ಪಾವಂ, ಮಲೇರಿಯಾವಾ?” ಮಲಗಲು ತಮ್ಮ ಕೆಳಗಿನ ಸೀಟನ್ನೂ ಬಿಟ್ಟುಕೊಟ್ಟರು. ಆದರೆ ಮಲಗಿದರೆ ಕೋಟು ಸುಕ್ಕಾಗುತ್ತದೆ! ಕಾಲು ಇಳಿಬಿಟ್ಟು ಕೂತೇ ಕನಸು ಕಂಡೆ. ಮಂಜು. ಪೈನ್ ಮರಗಳು. ಟಕ್ ಟಕ್.

ಬೆಳಿಗ್ಗೆ ಮೆಟ್ಟುಪಾಳಯದಲ್ಲಿ ಇಳಿದಾಗ ‘ಟಕ್’ ಬರಲಿಲ್ಲ, ‘ಅಯ್ಯೋ’ ಬಂತು. ರಾತ್ರಿಯೆಲ್ಲ ಇಳಿಬಿಟ್ಟ ಕಾಲುಗಳು ಬೂಟಿನೊಳಗೆ ಹಿಟ್ಟಿನಂತೆ ಉಬ್ಬಿದ್ದವು. ಬಿಚ್ಚಲು ನೋಡಿದೆ, ಬಿಚ್ಚಲಾಗಲಿಲ್ಲ. “ಗಾಬರಿ ಬೇಡ. ಮೇಲೆ ಹೋದಂತೆ ಕುಗ್ಗುತ್ತವೆ,” ಎಂದೆ. ಬೆಟ್ಟದ ಪುಟ್ಟ ರೈಲು ತೇಕುತ್ತಾ ಏರಿತು. ನೀಲಗಿರಿ ಮರಗಳ ಪರಿಮಳ ಬಂತು. ಗಾಳಿ ತಣ್ಣಗಾಯಿತು. ಸುಗುಣ ಕಿಟಕಿಯಿಂದ ಕೈ ಹೊರಗೆ ಚಾಚಿ, ಗಾಳಿಯನ್ನು ಹಿಡಿದು ಹಿಡಿದು ಬಿಡುತ್ತಿದ್ದಳು. ನಾನು ಕಣ್ಣು ಮುಚ್ಚಿ ನಿಸರ್ಗದ ನಿಯಮಕ್ಕಾಗಿ ಕಾಯುತ್ತಿದ್ದೆ. ನಿಯಮ ಸುಳ್ಳಾಗಲಿಲ್ಲ. ಊಟಿ ಬರುವಷ್ಟರಲ್ಲಿ ಚಳಿಗೆ ಕುಗ್ಗಿತು.

ಕುಗ್ಗಿದ್ದು ಬೂಟು!

ನಿಲ್ದಾಣದಿಂದ ವಸತಿಗೃಹದವರೆಗೆ ಮಂಜಿನ ಪುರುಷ ಹೆಂಡತಿಯ ಹೆಗಲು ಹಿಡಿದು ಕುಂಟುತ್ತಾ ಬಂದ. ವಸತಿಗೃಹ ನಡೆಸುತ್ತಿದ್ದವರು ನಮ್ಮ ಕಡೆಯ ಭಟ್ಟರು. ಅವರು ಒಂದು ಬೂಟು ಹಿಡಿದು ಎಳೆದರು. ಅಡುಗೆಯವನು ಇನ್ನೊಂದು ಹಿಡಿದ. ನಾನು ಮಂಚದ ಸಮೇತ ಬಾಗಿಲಿನವರೆಗೆ ಬಂದೆ, ಬೂಟು ಬರಲಿಲ್ಲ. ಎಣ್ಣೆ ಬಿಟ್ಟರೆ ಜಾರೀತೆಂದು ತೆಂಗಿನೆಣ್ಣೆಯ ಬಾಟಲಿ ತಂದರು. ಎಣ್ಣೆ ಮೇಣದಂತೆ ಗಟ್ಟಿಯಾಗಿತ್ತು! ಕೊನೆಗೆ ಭಟ್ಟರು ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನೇ ಹೊತ್ತು ತಂದಾಗ ನಾನು ಕಾಲುಗಳನ್ನು ಕಂಬಳಿಯೊಳಗೆ ಎಳೆದುಕೊಂಡೆ.

“ಚಮ್ಮಾರ ಹಬ್ಬಕ್ಕೆ ಹೋಗಿದ್ದಾನೆ ಮಾರಾಯ್ರೆ. ನಾಳೆ ಮಧ್ಯಾಹ್ನ ಬಂದು ಕತ್ತರಿಸ್ತಾನೆ,” ಎಂದರು ಭಟ್ಟರು. “ಆದ್ರೆ ನಾಳೆ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಅದನ್ನು ಬಿಸಿಲು ಏರುವ ಮೊದಲೇ ನೋಡ್ಬೇಕು.”

ನಮ್ಮ ವಾಪಸು ರೈಲು ನಾಳೆ ಮಧ್ಯಾಹ್ನಕ್ಕೇ. ನಮಗೆ ಇದ್ದದ್ದು ಆ ಒಂದೇ ಬೆಳಗು.

ಸುಗುಣ ಮಂಚದ ಅಂಚಿಗೆ ಕೂತಳು. “ನೀವಿಲ್ಲದೆ ನಾನೂ ಹೋಗಲ್ಲ. ಪರವಾಯಿಲ್ಲ, ಚಳಿ ಇಲ್ಲೇ ಇದೆಯಲ್ಲ,” ಎಂದಳು. ರೂಮಿನಲ್ಲಿ ಭಟ್ಟರು ಕೆಂಡದ ಒಲೆ ಇಟ್ಟಿದ್ದರು. ಒಳಗೆ ಇದ್ದದ್ದು ಮದರಾಸಿನ ಹವೆಯೇ. ಇಷ್ಟು ದೂರ ಕರೆತಂದು, ಅವಳು ಕೇಳಿದ ಒಂದೇ ಒಂದು ವಸ್ತುವನ್ನು ನನ್ನ ಎರಡು ಪಾದಗಳು ತಡೆದು ನಿಂತಿದ್ದವು.

“ಹೋಗಿ ಬಾ, ಮಾರಾಯ್ತಿ,” ಎಂದೆ. “ಶಿವಮೊಗ್ಗದಲ್ಲಿ ನಾನು ಇದನ್ನೆಲ್ಲ ಸಾಕಷ್ಟು ನೋಡಿದವನು. ನನಗೆ ಚಳಿ ಅಂದರೆ ಬೇಜಾರು.”

ಬೆಳಿಗ್ಗೆ ಭಟ್ಟರ ಹೆಂಡತಿಯ ಜೊತೆ ಅವಳು ಹೊರಟಳು. ಸೀರೆಯ ಮೇಲೆ ನನ್ನ ಕೋಟು. ಅದು ನೆಲ ಗುಡಿಸುತ್ತಿತ್ತು, ತೋಳಿನೊಳಗೆ ಕೈಗಳು ಕಾಣೆಯಾಗಿದ್ದವು. ಕಾಲರನ್ನು ಎತ್ತಿಕೊಂಡಳು. ಅಷ್ಟು ದಿನ ಕನಸಿನಲ್ಲಿ ಕಂಡ ಆ ಗಂಭೀರತೆ ನನಗಿಂತ ಅವಳಿಗೇ ಚೆನ್ನಾಗಿ ಬಂದಿತ್ತು.

ನಾನು ಬೂಟುಗಾಲನ್ನು ಮಂಚದಿಂದ ಹೊರಗೆ ಚಾಚಿ ಮಲಗಿದೆ. ಸೀಲಿಂಗಿನಲ್ಲಿ ಜೇಡವೊಂದು ಇತ್ತು. ಅದಕ್ಕೂ ಊಟಿ ನೋಡುವ ಆಸಕ್ತಿ ಇದ್ದಂತೆ ಕಾಣಲಿಲ್ಲ. ಈಗ ಹುಲ್ಲು ಬೆಳ್ಳಗಾಗಿದೆ. ಈಗ ಅವಳು ಬಾಯಿ ತೆರೆದಿರಬೇಕು. ಈಗ ಪಕ್ಕಕ್ಕೆ ತಿರುಗಿರಬೇಕು. ಪಕ್ಕದಲ್ಲಿ ಭಟ್ಟರ ಹೆಂಡತಿ!

ಬಹಳ ಹೊತ್ತಿನ ಮೇಲೆ ಕಿಟಕಿಯ ಗಾಜಿನ ಮೇಲೆ ಯಾರೋ ಬಡಿದರು. ಹೊರಗೆ ಸುಗುಣ. ಮೂಗು ಕೆಂಪಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಏನೋ ಹೇಳಿದಳು, ಕೇಳಿಸಲಿಲ್ಲ. ಬಾಯಿ ತೆರೆದಳು. ಬಿಳಿಯ ಹೊಗೆ ಗಾಜಿಗೆ ತಾಗಿ ಹರಡಿ ಅವಳ ಮುಖವೇ ಮರೆಯಾಯಿತು. ಕೋಟಿನ ತೋಳಿನಿಂದ ಗಾಜು ಒರೆಸಿದಳು. ಆ ಮುಖ ಬಂತು. ನನಗೆ ಬೇಕಾದದ್ದು ಅದೇ ಮುಖ. ಮತ್ತೆ ಊದಿದಳು, ಮತ್ತೆ ಮಾಯ, ಮತ್ತೆ ಬಂತು. ಅವಳು ನಗುತ್ತಾ ನಡುಗುತ್ತಿದ್ದಳು. ನಾನು ಮಂಚದ ಮೇಲೆ ಕೂತು ಚಪ್ಪಾಳೆ ತಟ್ಟಿದೆ. ನನ್ನ ಕಣ್ಣು ಒದ್ದೆಯಾಗಿತ್ತು, ಕಾಲು ನೋಯುತ್ತಿತ್ತು. ಯಾವುದರಿಂದ ಯಾವುದು ಎಂದು ಈಗಲೂ ಹೇಳಲಾರೆ.

ಮಧ್ಯಾಹ್ನ ಚಮ್ಮಾರ ಬಂದು ಬೂಟುಗಳನ್ನು ಎರಡು ಹೋಳು ಮಾಡಿದ. ಬರಿಗಾಲಲ್ಲಿ ಮದರಾಸಿಗೆ ಮರಳಿದೆ.

ಕಚೇರಿಯಲ್ಲಿ ಎಲ್ಲರೂ ಮೇಜಿನ ಸುತ್ತ ನೆರೆದರು. “ಊಟಿ ಹೇಗಿದೆ ಸಾರ್? ಬಹಳ ದೊಡ್ಡ ಊರೋ?” ಎಂದು ಒಬ್ಬ ಕೇಳಿದ.

ನಾನು ಎರಡೂ ಕೈಗಳನ್ನು ಒಂದು ಕಿಟಕಿಯಷ್ಟು ಅಗಲಿಸಿ ತೋರಿಸಿದೆ.