ಹನ್ನೆರಡು ದಾರದ ಗೋಲಗಳು

ಕೈಕೆಲಸ ಕಲಿಸುವವಳ ಮನೆಯಲ್ಲಿ ನಗೆಗೀಡಾಗುವ ಪ್ರಸಂಗಗಳಿಗೆ ಎಂದೂ ಬರವಿಲ್ಲ. ಎಲ್ಲವನ್ನೂ ಬರೆಯುವ ಅಭ್ಯಾಸ ನನಗಿಲ್ಲ. ಒಂದು ವಾರದವನ್ನಷ್ಟೇ ಬರೆಯುತ್ತೇನೆ.

ಅರವತ್ತರ ದಶಕ ಆಗತಾನೆ ಆರಂಭವಾಗಿತ್ತು. ನಾನು ಮದರಾಸಿನ ಒಂದು ಕಾನ್ವೆಂಟಿನಲ್ಲಿ ಕೈಕೆಲಸದ ಟೀಚರ್, ಓದಿದ್ದೂ ಅಲ್ಲಿಯೇ. ವಾರ್ಷಿಕೋತ್ಸವ ಹತ್ತಿರ ಬಂದಾಗ ಮದರ್ ನನ್ನನ್ನು ಕರೆದು, "ಶನಿವಾರ ಸಭಾಂಗಣದ ಅಲಂಕಾರಕ್ಕೆ ನಿಮ್ಮಿಂದ ಏನು ಬರುತ್ತದೆ? ಮೆಚ್ಚುವಂಥದ್ದು ಬಾರದಿದ್ದರೆ ನಿಮ್ಮ ಪೀರಿಯಡ್ ಗಣಿತಕ್ಕೆ ಹೋಗುತ್ತದೆ" ಎಂದರು. ಹನ್ನೆರಡು ದಾರದ ಗೋಲಗಳನ್ನು ಕೊಡುತ್ತೇನೆಂದೆ. ಊದಿದ ಬೆಲೂನಿಗೆ ಅಂಟಿನಲ್ಲಿ ಅದ್ದಿದ ಹುರಿದಾರವನ್ನು ಸುತ್ತಿ, ಒಣಗಿದ ಮೇಲೆ ಬೆಲೂನನ್ನು ಒಡೆದು ತೆಗೆದರೆ ಜಾಲರಿಯಂಥ ಗೋಲ ಉಳಿಯುತ್ತದೆ. ಆ ಕೆಲಸದಲ್ಲಿ ನನಗೆ ಸಮಾನರಿಲ್ಲವೆಂದು ಆಗ ತಿಳಿದಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೇನೆ.

ದೃಷ್ಟಿ

ಸೋಮವಾರ ಎಗ್ಮೋರಿನ ನಮ್ಮ ಮನೆಯ ತಾರಸಿಯಲ್ಲಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಹನ್ನೆರಡನ್ನೂ ತೂಗುಹಾಕಿದೆ. ಪಕ್ಕದ ತಾರಸಿಯ ತಮಿಳು ಅಜ್ಜಿ, ನಮಗೆಲ್ಲ 'ಪಾಟಿ', ಸಂಡಿಗೆ ಇಡುವುದನ್ನು ನಿಲ್ಲಿಸಿ ನೋಡಿದರು. ಅವರ ಬಾಗಿಲಲ್ಲಿ ದೃಷ್ಟಿಗೆಂದು ಬೂದುಗುಂಬಳವೊಂದು ತೂಗುತ್ತಿತ್ತು.

"ಎನ್ನಮ್ಮಾ ಇದು, ದೃಷ್ಟಿಗಾ?"

"ಅಲ್ಲ ಪಾಟಿ, ಶಾಲೆಗೆ."

"ನಮ್ಮ ಮನೆಗೆ ಒಂದು ಸಾಕಾಗುತ್ತದೆ," ಎಂದು ಅವರು ಎಣಿಸಿ ನೋಡಿದರು. "ಕಾನ್ವೆಂಟ್ ಮಕ್ಕಳ ಕಣ್ಣು ಅಷ್ಟು ಕೆಟ್ಟದ್ದೆ?"

ಮುಸುರೆ

ಅತ್ತೆಯವರು ಧಾರವಾಡದವರು. ಮದರಾಸಿನಲ್ಲಿ ಮೂವತ್ತು ವರ್ಷ ಕಳೆದಿದ್ದರೂ ಅವರ ಮಾತಾಗಲಿ ಮಡಿಯಾಗಲಿ ಒಂದಿಷ್ಟೂ ಅಲುಗಿರಲಿಲ್ಲ. ಮಂಗಳವಾರ ಬೆಳಗ್ಗೆ ಗೋಲಗಳನ್ನು ನೋಡಿ, "ಇದಕ್ಕೇನ ಹಚ್ಚೀದಿ?" ಎಂದು ಕೇಳಿದರು.

"ಅನ್ನದ ಗಂಜಿ, ಅತ್ತೆ."

ಬೆಂದ ಅನ್ನ ತಾಗಿದ್ದೆಲ್ಲ ಮುಸುರೆ, ಮುಸುರೆಯಾದದ್ದನ್ನು ತೊಳೆಯಲೇಬೇಕು ಎಂಬುದು ಅವರ ನಿಯಮ. ಸಂಜೆ ನಾನು ಬಂದಾಗ ಹಗ್ಗ ಬರಿದಾಗಿತ್ತು. ಹನ್ನೆರಡು ಗೋಲಗಳ ದಾರವೂ ಬಿಸಿನೀರಿನಲ್ಲಿ ಮಿಂದು, ಒಣಗಿ, ಒಂದೇ ಉಂಡೆಯಾಗಿ ಕುಳಿತಿತ್ತು.

"ದಾರ ಛಲೋ ಅದ, ಹಾಳ ಮಾಡಬ್ಯಾಡ," ಎಂದರು ಅತ್ತೆ. "ಬೆಲೂನೂ ತೊಳದಿಟ್ಟೇನಿ."

ಅಂಟು

ಗಂಜಿ ಸಲ್ಲದು. ಬಡಗಿಗಳು ಮರಕ್ಕೆ ಹಚ್ಚುವ ವಜ್ರವೆಂಬ ಅಂಟು ಚರ್ಮದಿಂದ ಆದದ್ದು. ಅದರ ಹೆಸರನ್ನೂ ಎತ್ತುವಂತಿರಲಿಲ್ಲ. ಉಳಿದದ್ದು ಗಿಡದ ಅಂಟು. ಬುಧವಾರ ಬೆಳಗ್ಗೆ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಿಂದ ದೊಡ್ಡ ಪೊಟ್ಟಣ ತಂದು, ಅಡುಗೆಮನೆಯಲ್ಲಿಟ್ಟು, ಏನೂ ಹೇಳದೆ ಶಾಲೆಗೆ ಹೋದೆ. ಧಾರವಾಡದ ಕಡೆ ಅದೇ ಅಂಟನ್ನು ತುಪ್ಪದಲ್ಲಿ ಹುರಿದು ಬಾಣಂತಿಗೆ ಉಂಡೆ ಕಟ್ಟುತ್ತಾರೆಂಬುದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ. ನಮಗೆ ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಿರಲಿಲ್ಲ.

ಸಂಜೆ ಬೀದಿಯ ತಿರುವಿಗೇ ತುಪ್ಪದ ವಾಸನೆ ಬಂತು. ಪೊಟ್ಟಣವೆಲ್ಲ ಉಂಡೆಯಾಗಿತ್ತು. ಪಾಟಿ ಮಲ್ಲಿಗೆ ಹೂವು ಹಿಡಿದು ಬಂದಿದ್ದರು. ಆಫೀಸಿನಿಂದ ಆಗತಾನೆ ಬಂದ ನಮ್ಮ ಯಜಮಾನರು, ಕೈಯಲ್ಲೊಂದು ಉಂಡೆ ಹಿಡಿದು, ತಿನ್ನಲೋ ಬೇಡವೋ ಎಂದು ಕುಳಿತಿದ್ದರು.

"ನನಗೆ ಮೊದಲು ಹೇಳಬಾರದಿತ್ತೆ?" ಎಂದರು.

"ನನಗೂ ಈಗಲೇ ತಿಳಿದದ್ದು," ಎಂದೆ.

ಅರ್ಹತೆ

ಅಂಟು ತಂದದ್ದು ಗೋಲಗಳಿಗೆ ಎಂಬುದರಿಂದ ಹಿಡಿದು ಎಲ್ಲವನ್ನೂ ಕೇಳಿದ ಅತ್ತೆ, "ಅಷ್ಟ ಅಂಟು ಮತ್ಯಾತಕ್ಕ ತರ್ತಾರ, ನೀನ ಹೇಳು," ಎಂದರು. ಆದರೆ ನನ್ನ ಪೀರಿಯಡ್ ಹೋಗುತ್ತದೆಂಬುದು ಅವರಿಗೆ ಹಿಡಿಸಲಿಲ್ಲ. ಬೇರೆ ಅಂಟು ತರಿಸಿ, ತಾವೇ ನೆನೆಹಾಕಿ, ಗುರುವಾರ ನನ್ನೆದುರು ಸುತ್ತಲು ಕುಳಿತರು. ಗೆಜ್ಜೆವಸ್ತ್ರ ಮಾಡಿ, ಬತ್ತಿ ಹೊಸೆದು ಪಳಗಿದ ಬೆರಳುಗಳು. ಅವರ ಆರು ಗೋಲಗಳು ನನ್ನ ಆರಕ್ಕಿಂತ ಸಮವಾಗಿದ್ದವು. ಇದನ್ನು ಬರೆಯಲು ನನಗೆ ಕಷ್ಟ, ಆದರೂ ನಿಜ.

ಶನಿವಾರ ಹನ್ನೆರಡೂ ಸಭಾಂಗಣದ ಸೂರಿನ ಕೆಳಗೆ ಗಾಳಿಗೆ ಮೆಲ್ಲನೆ ತಿರುಗುತ್ತಿದ್ದವು. ಇವು ವಿದೇಶದಿಂದ ಹಡಗಿನಲ್ಲಿ ಬಂದವೇ ಎಂದು ಮುಖ್ಯ ಅತಿಥಿಗಳು ಕೇಳಿದರು. ಮದರ್ ಒಂದೊಂದರ ಕೆಳಗೂ ನಿಂತು ನೋಡಿ ನನ್ನ ಬಳಿ ಬಂದರು.

"ಕೈಕೆಲಸದ ಪೀರಿಯಡ್ ಉಳಿಯುತ್ತದೆ. ಆದರೆ ಆ ಆರು ನಿಮ್ಮವಲ್ಲ."

"ನಮ್ಮ ಅತ್ತೆಯವರವು, ಮದರ್," ಎಂದು ಉತ್ಸವ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಅವರನ್ನು ತೋರಿಸಿದೆ. ಅಷ್ಟು ಹೆಮ್ಮೆಯಿಂದ ನಾನು ಯಾರನ್ನೂ ತೋರಿಸಿದ್ದಿಲ್ಲ.

"ವಾರಕ್ಕೊಮ್ಮೆ ಬಂದು ಕಲಿಸುತ್ತಾರೆಯೆ? ನೇಮಕದ ಪುಸ್ತಕದಲ್ಲಿ ಬರೆಯಬೇಕು. ಅರ್ಹತೆ ಏನು?"

ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಸೆರಗು ಸರಿಪಡಿಸಿಕೊಂಡರು.

"ಹದಿನಾಲ್ಕು ಬಾಣಂತನ ಮಾಡೇನಿ ಅಂತ ಹೇಳು. ಒಂದೂ ಕೆಟ್ಟಿಲ್ಲ."

ಮದರ್ ಎದುರು ಸುಳ್ಳು ಹೇಳಬಾರದೆಂದು ಕಲಿತವಳು ನಾನು. ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ. ಮದರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಪುಸ್ತಕದಲ್ಲಿ ಬರೆದರು: "ಅನುಭವ ಸಾಕಷ್ಟು."