ಬಿಚ್ಚಬಾರದ ಲ್ಯಾಪ್‌ಟಾಪು

ರಿಪೇರಿಯವರನ್ನು ನಾನು ನಂಬುವುದಿಲ್ಲ. ಇದು ಅವರ ಮೇಲಿನ ದ್ವೇಷವಲ್ಲ, ನನ್ನ ವೃತ್ತಿಧರ್ಮ. ಶಿಡ್ಲಘಟ್ಟದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿರುವ ನನಗೆ ದಿನವಿಡೀ ಇರುವ ಕೆಲಸವೆಂದರೆ ಸಹಿಗೆ ಸಹಿ ತಾಳೆ ನೋಡುವುದು. ಸ್ವಂತ ಸೋದರಮಾವ ನನ್ನ ಎದುರಿಗೇ ಕೂತು ಸಹಿ ಹಾಕಿದರೂ, ಹಳೆಯ ಸಹಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ‘ಚೆನ್ನಾಗಿದ್ದೀರಾ ಮಾವ’ ಎಂದು ಕೇಳುವವನು ನಾನು.

ಹಿಂದೊಮ್ಮೆ ಮಿಕ್ಸಿಯನ್ನು ರಿಪೇರಿಗೆ ಕೊಟ್ಟು ಮನೆಗೆ ಬಂದುಬಿಟ್ಟಿದ್ದೆ. ವಾಪಸ್ಸು ಬಂದ ಮೇಲೆ ಅದು ಬೇರೆ ಯಾರದೋ ಮನೆಯ ಮಿಕ್ಸಿಯ ಹಾಗೆ ಕೂಗತೊಡಗಿತು. ಒಳಗಿನ ತಾಮ್ರದ ತಂತಿ ಹೋಗಿ ಅಲ್ಯೂಮಿನಿಯಂ ಬಂದಿದೆ ಎಂದು ನನಗೆ ಅನುಮಾನ. ಸಾಕ್ಷಿ ಏನೂ ಇರಲಿಲ್ಲ. ಸಾಕ್ಷಿ ಇಲ್ಲದಿದ್ದದ್ದೇ ನನ್ನ ಅನುಮಾನವನ್ನು ಬಲಪಡಿಸಿತು. ಅಂದಿನಿಂದ ಗುರುತು ಹಾಕದೆ ಯಾವ ವಸ್ತುವನ್ನೂ ರಿಪೇರಿಗೆ ಕೊಟ್ಟವನಲ್ಲ. ದಿಬ್ಬೂರಹಳ್ಳಿಯ ಹತ್ತಿರದ ನಮ್ಮ ತೋಟದ ಬೋರ್‌ವೆಲ್ ಮೋಟರು ಕೆಟ್ಟಾಗ, ಅದರ ಹೊಟ್ಟೆಯ ಮೇಲೆ ಬಣ್ಣದಲ್ಲಿ ಸಹಿ ಹಾಕಿ, ಕೆಳಗೆ ತಾರೀಖು ಬರೆದು, ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅಂಗಡಿಯವನು ಊಟಕ್ಕೆ ಹೋದಾಗಲೂ ಕದಲಲಿಲ್ಲ.

ನಮ್ಮ ಹಳೆಯ ಕಂಪ್ಯೂಟರು ಈ ವಿಷಯದಲ್ಲಿ ಬಹಳ ಪ್ರಾಮಾಣಿಕ ಯಂತ್ರ. ಅದರ ಪಕ್ಕದ ತಗಡನ್ನು ತೆಗೆದಿಟ್ಟವನು ಮತ್ತೆ ಹಾಕಿರಲೇ ಇಲ್ಲ. ಒಳಗಿನ ಫ್ಯಾನು, ಮೆಮೊರಿ, ವೈರುಗಳೆಲ್ಲ ಮನೆಯವರಂತೆ ಪರಿಚಯ. ಯಾವುದಾದರೂ ಕೆಟ್ಟರೆ ಅದೊಂದನ್ನೇ ಕಿತ್ತುಕೊಂಡು ಹೋಗಿ ಬೇರೆ ತರುತ್ತಿದ್ದೆ. ಆಯುಧಪೂಜೆಗೆ ಹೊರಗಲ್ಲ, ಒಳಗೇ ಕುಂಕುಮ ಇಡುತ್ತಿದ್ದೆ.

ಆದರೆ ನನ್ನ ಹೆಂಡತಿ ಸುನಂದ ಚಿಕ್ಕಬಳ್ಳಾಪುರದ ಅಂಗಡಿಯಿಂದ ತಂದ ಲ್ಯಾಪ್‌ಟಾಪು ಬೇರೆಯದೇ ಜಾತಿ. ಅವಳದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಮದುವೆ ಬ್ಲೌಸುಗಳ ಮೇಲೆ ಬರಬೇಕಾದ ನವಿಲು, ಪಲ್ಲಕ್ಕಿ, ಬಳ್ಳಿಗಳನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿ, ಪೆನ್‌ಡ್ರೈವಿನಲ್ಲಿ ಹೊಲಿಗೆ ಯಂತ್ರಕ್ಕೆ ಕೊಡುತ್ತಾಳೆ. ಅದು ಹೊಲಿಯುತ್ತದೆ. ಈ ಲ್ಯಾಪ್‌ಟಾಪನ್ನು ಎಷ್ಟು ತಿರುವಿ ನೋಡಿದರೂ ಒಳಗೆ ಹೋಗಲು ದಾರಿಯೇ ಕಾಣದು. ಕೆಳಗೆ ನಕ್ಷತ್ರದಾಕಾರದ ಪುಟ್ಟ ಸ್ಕ್ರೂಗಳು. ನಮ್ಮ ಮನೆಯ ಯಾವ ಸ್ಕ್ರೂಡ್ರೈವರೂ ಅವಕ್ಕೆ ಕೂರುವುದಿಲ್ಲ. ದುಡ್ಡು ಕೊಟ್ಟವರು ಒಳಗೆ ನೋಡಬಾರದೆಂದರೆ ಒಳಗೆ ಏನೋ ಇದೆ ಎಂದೇ ಅರ್ಥ. ತಂದ ದಿನದಿಂದ ನನಗೆ ಅದರ ಮೇಲೆ ಒಂದು ಕಣ್ಣಿತ್ತು.

ಒಂದು ಭಾನುವಾರ ಬೆಳಗ್ಗೆ ಸುನಂದ ಹೇಳಿದಳು. “ರೀ, ಲ್ಯಾಪ್‌ಟಾಪಲ್ಲಿ ಚಾರ್ಜು ನಿಲ್ತಾನೇ ಇಲ್ಲ. ತಗೊಂಡ ಅಂಗ್ಡೀಲೇ ಕೊಟ್ಬಿಟ್ಟು ಬನ್ನಿ. ಯಶೋದಮ್ಮನ ಮಗಳ ಬ್ಲೌಸಿಂದು ನವಿಲು ಅರ್ಧಕ್ಕೆ ನಿಂತಿದೆ.”

ಯಶೋದಮ್ಮ ಮುರುಗಮಲ್ಲದವರು. ಮಗಳ ಮದುವೆ ಹತ್ತಿರ ಬಂದಿತ್ತು. ಅನುಮಾನದಲ್ಲಿ ಆಕೆ ನನಗೂ ಒಂದು ಕೈ ಮೇಲು. ಈ ನವಿಲು ಬೇರೆ ಯಾವ ಮದುವೆಯಲ್ಲೂ ಕಾಣಿಸಬಾರದು, ಅದಕ್ಕಾಗಿ ಡಿಸೈನು ಆ ಲ್ಯಾಪ್‌ಟಾಪು ಬಿಟ್ಟು ಇನ್ನೆಲ್ಲೂ ಇರಬಾರದು ಎಂದು ದೇವರ ಪಟದ ಮುಂದೆ ಸುನಂದಳಿಂದ ಆಣೆ ಮಾಡಿಸಿಕೊಂಡಿದ್ದರು. ನವಿಲಿಗೆ ಗರಿಯೆಲ್ಲ ಬಂದಿತ್ತು. ತಲೆ ಬಂದಿರಲಿಲ್ಲ.

“ಕೊಟ್ಬಿಟ್ಟು ಬರೋದಾ?” ಎಂದೆ. “ಅಸಲಿ ಬ್ಯಾಟ್ರಿ ತೆಗೆದು ಯಾವ್ದೋ ಹಳೇದು ಹಾಕಿದ್ರೆ ನಿಂಗ್ ಗೊತ್ತಾಗತ್ತಾ?”

“ನಿಮಗೆ ಗೊತ್ತಾಗತ್ತಾ?”

“ಗೊತ್ತಾಗೋ ಹಂಗೆ ಮಾಡ್ತೀನಿ.”

ಅವಳು ನನ್ನನ್ನು ಒಂದು ಗಳಿಗೆ ನೋಡಿ, ತನ್ನ ಅಂಗಡಿಗೆ ಹೊರಟಳು. ಆ ನೋಟದ ಅರ್ಥವನ್ನು ನಾನು ವಿಚಾರಿಸಲಿಲ್ಲ.

ಪಕ್ಕದ ಮನೆಯ ವೆಂಕಟರೆಡ್ಡಿಯನ್ನು ಕರೆದೆ. ರೇಷ್ಮೆ ಹುಳು ಸಾಕುವ ಮನುಷ್ಯ. ಗೂಡು ತೂಗುವಾಗ ಯಂತ್ರದ ಅಂಕಿ ನಿಲ್ಲುವ ತನಕ ರೆಪ್ಪೆ ಮಿಟುಕಿಸುವುದಿಲ್ಲ. ನನ್ನ ಯೋಜನೆಯನ್ನು ಅರ್ಥ ಮಾಡಿಕೊಳ್ಳುವ ಯೋಗ್ಯತೆ ನಮ್ಮ ಬೀದಿಯಲ್ಲಿ ಆತನೊಬ್ಬನಿಗೇ ಇತ್ತು.

“ಬಿಚ್ಚಿ, ಒಳಗಿನ ಸಾಮಾನಿಗೆಲ್ಲ ಗುರುತು ಹಾಕಿ, ಮುಚ್ಚಿ, ಆಮೇಲೆ ಕೊಡೋದು,” ಎಂದು ವಿವರಿಸಿದೆ.

“ಮಂಚಿದಿ ಸಾರ್, ಒಳ್ಳೇದೇ,” ಎಂದ ರೆಡ್ಡಿ. “ಒಳಗೆ ಚಿನ್ನ ಇರ್ತದಂತೆ. ಅದ್ನ ಕೆರೆದು ಮಾರ್ಕೊಂತಾರಂತೆ. ಅದ್ಕೂ ಒಂದು ಗುರುತು ಹಾಕ್ಬಿಡಿ.”

ಮೊಬೈಲ್ ಅಂಗಡಿಯಿಂದ ನಕ್ಷತ್ರದ ಸ್ಕ್ರೂಡ್ರೈವರು ತಂದೆ. ಸ್ಕ್ರೂಗಳೆಲ್ಲ ಬಂದವು. ಮುಚ್ಚಳ ಮಾತ್ರ ಬರಲಿಲ್ಲ. ಯಾರೋ ವಿದೇಶಿ ಮನುಷ್ಯನ ವೀಡಿಯೊ ನೋಡಿದೆವು. ಅವನು ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಊದಿ, ಅಂಟನ್ನು ಸಡಿಲಿಸಿ, ನಗುನಗುತ್ತಾ ತೆಗೆದ. ನಮ್ಮ ಮನೆಯಲ್ಲಿ ತಲೆಗೂದಲಿಗೆ ಅಂಥ ಸೌಕರ್ಯವಿಲ್ಲ. ನನ್ನ ತಲೆಗಂತೂ ಅದರ ಅಗತ್ಯವೂ ಇಲ್ಲ. ಇಸ್ತ್ರಿ ಪೆಟ್ಟಿಗೆ ಇತ್ತು. ಲ್ಯಾಪ್‌ಟಾಪಿನ ಮೇಲೆ ಟವೆಲ್ ಹೊದಿಸಿ, ಮದುವೆಯ ಪಂಚೆಗೆ ಕೊಡುವಷ್ಟೇ ಗೌರವ ಕೊಟ್ಟು ಇಸ್ತ್ರಿ ಮಾಡಿದೆ. ಸಂದಿನೊಳಗೆ ರೆಡ್ಡಿ ತನ್ನ ಹಳೆಯ ಎಟಿಎಂ ಕಾರ್ಡು ತೂರಿಸಿ ಮೀಟಿದ. ಟಪ್ ಟಪ್ ಎಂದು ಶಬ್ದವಾಗಿ ಮುಚ್ಚಳ ಎದ್ದಿತು. ಆ ಶಬ್ದ ಕೊಂಡಿ ಬಿಡುವ ಶಬ್ದವೋ ಮುರಿಯುವ ಶಬ್ದವೋ ಎಂಬ ಚರ್ಚೆಯನ್ನು ಇಬ್ಬರೂ ಬೇಕೆಂದೇ ತಪ್ಪಿಸಿದೆವು.

ಒಳಗೆ ನೋಡಿ ನನಗೆ ನಿರಾಸೆಯಾಯಿತು. ಗುರುತು ಹಾಕಲು ಬಿಡಿ ಸಾಮಾನೇ ಇರಲಿಲ್ಲ. ಎಲ್ಲವನ್ನೂ ಒಂದೇ ಹಲಗೆಗೆ ಬೆಸೆದುಬಿಟ್ಟಿದ್ದರು. ಬೇರೆಯಾಗಿ ಕಾಣುತ್ತಿದ್ದದ್ದು ಬ್ಯಾಟರಿ ಒಂದೇ. ವೀಡಿಯೊದವನು ಹೇಳಿದಂತೆ ಮೊದಲು ಅದರ ಕನೆಕ್ಟರನ್ನು ಕಿತ್ತೆ. ಪೆನ್ನಿನ ಗುರುತನ್ನು ಒರೆಸಿಬಿಡುತ್ತಾರೆಂದು ಸುನಂದಳ ಕೆಂಪು ನೇಲ್ ಪಾಲಿಶ್ ತಂದೆ. ಬ್ಯಾಟರಿಯ ಮೇಲೆ ನನ್ನ ಪೂರ್ಣ ಸಹಿ ಹಾಕಿ, ಅಡಿಗೆರೆ ಎಳೆದು, ಅಭ್ಯಾಸದಂತೆ ತಾರೀಖನ್ನೂ ನಮೂದಿಸಿದೆ.

“ಕನೆಕ್ಟರನ್ನೇ ಬದಲಾಯಿಸಿದ್ರೆ?” ಎಂದ ರೆಡ್ಡಿ.

ಒಳ್ಳೆಯ ಪ್ರಶ್ನೆ. ಅದಕ್ಕೂ ಒಂದು ಬೊಟ್ಟಿಟ್ಟೆ. ಬೊಟ್ಟು ಸ್ವಲ್ಪ ದೊಡ್ಡದಾಯಿತು. ಅದು ಒಣಗುವ ಮೊದಲೇ ಕರೆಂಟು ಹೋಗಿ, ಇಬ್ಬರೂ ಗಾಬರಿಯಲ್ಲಿ ಕನೆಕ್ಟರನ್ನು ಒತ್ತಿ ಮುಚ್ಚಳ ಕೂರಿಸಿದೆವು. ಸುಲಭಕ್ಕೆ ಕೂರಲಿಲ್ಲ. ಒತ್ತಿದೆವು.

ಕರೆಂಟು ಬಂದ ಮೇಲೆ ಚಾರ್ಜರು ಹಾಕಿ ಗುಂಡಿ ಅದುಮಿದರೆ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಈ ಬ್ಯಾಟರಿಯನ್ನು ಗುರುತಿಸಲಾಗುತ್ತಿಲ್ಲ, ಕಂಪನಿಯ ಅಸಲಿ ಬ್ಯಾಟರಿಯನ್ನೇ ಬಳಸಬೇಕು ಎಂದು ಅದರ ತಾತ್ಪರ್ಯ. ಅಷ್ಟು ಹೇಳಿ ಆರಿಹೋಯಿತು. ಮತ್ತೆ ಅದುಮಿದೆ. ಮತ್ತೆ ಅದನ್ನೇ ಹೇಳಿ ಆರಿತು.

ನಾನೂ ರೆಡ್ಡಿಯೂ ಮುಖ ಮುಖ ನೋಡಿಕೊಂಡೆವು. ಬುದ್ಧಿಯಿರುವ ಬೇರೆ ಯಾರೇ ಆಗಿದ್ದರೂ ಈಗ ನೇಲ್ ಪಾಲಿಶ್ ಬಗ್ಗೆ ಯೋಚಿಸುತ್ತಿದ್ದರು. ನನಗೆ ಹೊಳೆದದ್ದೇ ಬೇರೆ.

“ರೆಡ್ಡಿ,” ಎಂದೆ, “ಮಾರೋವಾಗ್ಲೇ ಡೂಪ್ಲಿಕೇಟ್ ಬ್ಯಾಟ್ರಿ ಹಾಕಿ ಕೊಟ್ಟವ್ರೆ.”

“ನಾನೂ ಅದೇ ಅಂದ್ಕೊಂಡೆ ಸಾರ್,” ಎಂದ ರೆಡ್ಡಿ.

ಮಧ್ಯಾಹ್ನ ಊಟಕ್ಕೆ ಬಂದ ಸುನಂದಳಿಗೆ ಆ ಸಂದೇಶವನ್ನು ತೋರಿಸಿದೆ. ಬಿಚ್ಚಿದ ವಿಷಯವನ್ನು ಹೇಳಲಿಲ್ಲ, ಅಪ್ರಸ್ತುತವೆನಿಸಿತು. ಇಷ್ಟು ವರ್ಷ ನನ್ನ ಒಂದು ಅನುಮಾನವನ್ನೂ ನಂಬದಿದ್ದವಳು ಇದೊಂದನ್ನು ನಂಬಿಬಿಟ್ಟಳು. ಅಕ್ಷರದಲ್ಲೇ ಬರೆದಿತ್ತಲ್ಲ.

“ನೀವು ಯಾವಾಗ್ಲೂ ಹೇಳ್ತಿದ್ರಿ, ನಾನೇ ಕೇಳ್ಲಿಲ್ಲ,” ಎಂದಳು. ಮದುವೆಯಾದಂದಿನಿಂದ ಈ ವಾಕ್ಯಕ್ಕಾಗಿ ಕಾದಿದ್ದೆ. ಅದನ್ನು ಅನುಭವಿಸಲು ಸಮಯವೇ ಸಿಗಲಿಲ್ಲ. ಆಗಲೇ ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. “ನಡೀರಿ, ಹೋಗಣ. ಮದ್ವೆ ಹೆಣ್ಣಿನ ನವಿಲು ಒಳಗೆ ಸಿಗಾಕೊಂಡಿದೆ. ಅವ್ರನ್ನ ಸುಮ್ನೆ ಬಿಡಲ್ಲ.”

ಜಗಳಕ್ಕೆ ಸಾಕ್ಷಿ ಬೇಕೆಂದು ರೆಡ್ಡಿಯೂ ಬಸ್ಸು ಹತ್ತಿದ. ಚಿಕ್ಕಬಳ್ಳಾಪುರ ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಸುನಂದ ಏನು ಕೇಳಿದರೂ “ಸಾರ್‌ನ ಕೇಳಮ್ಮ” ಎನ್ನುತ್ತಿದ್ದ.

ಅಂಗಡಿಯ ಹರೀಶ ನಮ್ಮ ಗಲಾಟೆಯನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, ಮೇಜಿನ ಮೇಲೆ ಒಂದು ಸ್ಟ್ಯಾಂಡು ನಿಲ್ಲಿಸಿ ತನ್ನ ಮೊಬೈಲನ್ನು ಸಿಕ್ಕಿಸಿದ. “ಬೇಜಾರ್ ಮಾಡ್ಕೋಬೇಡಿ ಸಾರ್. ಬಿಚ್ಚಿ ಕೊಟ್ಮೇಲೆ ಕಸ್ಟಮರುಗಳು ಅದು ಕದ್ದೆ ಇದು ಕದ್ದೆ ಅಂತಾರೆ. ಅದ್ಕೇ ಎಲ್ಲಾ ವೀಡಿಯೊ ಮಾಡ್ತೀನಿ.”

ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಮೊದಲ ಬಾರಿಗೆ ಒಬ್ಬ ರಿಪೇರಿಯವನ ಮೇಲೆ ಗೌರವ ಹುಟ್ಟಿತು.

“ಮುಂಚೆ ಯಾರಾದ್ರೂ ಇದ್ನ ಬಿಚ್ಚಿದ್ರಾ ಸಾರ್? ಕ್ಯಾಮೆರಾ ನೋಡಿ ಹೇಳ್ಬಿಡಿ.”

ಬಿಚ್ಚಿದ್ದೇನೆಂದರೆ ವಾರಂಟಿ ಹೋಗುತ್ತದೆ. ಸುನಂದ ನನ್ನನ್ನೇ ನೋಡುತ್ತಿದ್ದಳು. ಗಂಟಲು ಸರಿಪಡಿಸಿಕೊಂಡು, ಸಂಘದ ವಾರ್ಷಿಕ ಸಭೆಯಲ್ಲಿ ಓದುವ ಧಾಟಿಯಲ್ಲಿ ಹೇಳಿದೆ: “ಸದರಿ ಯಂತ್ರವನ್ನು ಖರೀದಿಸಿದಂದಿನಿಂದ ಇಂದಿನವರೆಗೆ ಯಾರೂ ಬಿಚ್ಚಿರುವುದಿಲ್ಲ.”

ರೆಡ್ಡಿ ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಹರೀಶ ಸ್ಕ್ರೂ ತೆಗೆದು ಮುಚ್ಚಳ ಎತ್ತಿದ. ಎತ್ತುವ ಶ್ರಮವೇ ಬೇಕಾಗಲಿಲ್ಲ. ಒಳಗೆ ಬ್ಯಾಟರಿಯ ಮೇಲೆ ಈ ತುದಿಯಿಂದ ಆ ತುದಿಗೆ ನನ್ನ ಸಹಿ ಕೆಂಪಗೆ ಹೊಳೆಯುತ್ತಿತ್ತು. ಅಡಿಗೆರೆ, ಅದರ ಕೆಳಗೆ ಆ ದಿನದ್ದೇ ತಾರೀಖು.

ಮೊಬೈಲು ವೀಡಿಯೊ ಮಾಡುತ್ತಲೇ ಇತ್ತು.

“ಇದು ನನ್ ನೇಲ್ ಪಾಲಿಶು,” ಎಂದಳು ಸುನಂದ, ಬಹಳ ಮೆಲ್ಲಗೆ.

ಅವಳು ಮೆಲ್ಲಗೆ ಮಾತಾಡಿದರೆ ನನಗೆ ಭಯ. ಸಹಿ ಫೋರ್ಜರಿ ಇರಬಹುದೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ನನ್ನಷ್ಟು ಚೆನ್ನಾಗಿ ತಾಳೆ ನೋಡಬಲ್ಲವರು ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ. ಒಪ್ಪಿಕೊಂಡೆ. ಗುರುತಿನಿಂದ ಇಸ್ತ್ರಿ ಪೆಟ್ಟಿಗೆಯ ತನಕ ಎಲ್ಲವನ್ನೂ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಎಂದಾಗ ಹರೀಶ ಕುರ್ಚಿ ಎಳೆದುಕೊಂಡು ಕೂತ.

ಕನೆಕ್ಟರಿನ ಒಳಗೆಲ್ಲ ಪಾಲಿಶು ಹೋಗಿ, ನಾವು ಒತ್ತಿದ ರಭಸಕ್ಕೆ ಪಿನ್ನುಗಳು ಸೊಟ್ಟಗಾಗಿದ್ದವು. “ಮೊದ್ಲಾಗಿದ್ರೆ ಈ ಪಿನ್ ಒಂದ್ನೇ ಬದ್ಲಾಯ್ಸಿ ಕೊಡ್ತಿದ್ದೆ ಸಾರ್,” ಎಂದ ಹರೀಶ. “ಈಗ ಕಂಪನಿಯೋರು ಬಿಡಿ ಸಾಮಾನು ಕೊಡಲ್ಲ. ಪೂರ್ತಿ ಬೋರ್ಡೇ ಹಾಕ್ಬೇಕು. ಅದೂ ಬೆಂಗಳೂರಿಗ್ ಹೋಗಿ ಬರ್ಬೇಕು.”

“ನೋಡಿದ್ಯಾ? ನಾನು ಹೇಳ್ಲಿಲ್ವಾ, ಈ ಕಂಪನಿಯೋರ ಮೇಲೆ ಅನುಮಾನ ಅಂತ,” ಎಂದು ಸುನಂದಳ ಕಡೆ ತಿರುಗಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

“ಅಷ್ಟಕ್ಕೂ ಮೇಡಂ, ಚಾರ್ಜು ನಿಲ್ತಿರ್ಲಿಲ್ಲ ಅಂದ್ರಲ್ಲ, ಪರದೆ ಬೆಳಕು ಎಷ್ಟಕ್ಕಿಟ್ಟಿದ್ರಿ?” ಎಂದು ಹರೀಶ ಕೇಳಿದ.

“ಪೂರ್ತಿ. ದಾರದ ಬಣ್ಣ ಸರಿಯಾಗ್ ಕಾಣ್ಬೇಕಲ್ಲ.”

“ಅದ್ಕೇ ಇಳೀತಿತ್ತು. ಬ್ಯಾಟ್ರಿಗೆ ಏನೂ ಆಗಿರ್ಲಿಲ್ಲ.”

ಆ ಒಂದು ಗಳಿಗೆ ನಾನು ಮತ್ತೆ ಗೆದ್ದೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಯಶೋದಮ್ಮ. ಅಂಗಡಿಯವರಿಗೆಲ್ಲ ಕೇಳಿಸುವಷ್ಟು ಗಟ್ಟಿ ದನಿ. “ಸುನಂದಮ್ಮ, ನೀವು ಚಿಕ್ಕಬಳ್ಳಾಪುರದ ಬಸ್ ಹತ್ತಿದ್ದು ನೋಡಿದ್ರಂತೆ. ನಮ್ ನವಿಲು ಅಲ್ಲಿ ಯಾರಿಗ್ ತೋರ್ಸಕ್ ಹೋಗಿದ್ದೀರಾ?”

“ಯಾರಿಗೂ ಇಲ್ಲಮ್ಮ. ತಲೆ ಬಿಡಿಸ್ತಿದ್ದೀನಿ. ನಾಳೆ ಬ್ಲೌಸು ನಿಮ್ ಕೈಲಿರತ್ತೆ,” ಎಂದು ಸುನಂದ ಫೋನಿಟ್ಟಳು. ಬ್ಲೌಸು ತಪ್ಪಿದರೆ ಮುರುಗಮಲ್ಲದ ಕಡೆಯ ಯಾವ ಮದುವೆಯವರೂ ಮತ್ತೆ ಅವಳ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆಗ ಮೊದಲ ಸಲ ನನಗೆ ನಿಜಕ್ಕೂ ನಾಚಿಕೆಯಾಯಿತು.

ಹರೀಶ ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸಿ, ಪಾಲಿಶು ಒರೆಸಿ, ಬರೀ ಚಾರ್ಜರಿನ ಮೇಲೆ ಗುಂಡಿ ಅದುಮಿ ನೋಡಿದ. ಪರದೆ ಬೆಳಗಿತು. ಗರಿ ಬಿಚ್ಚಿದ ತಲೆಯಿಲ್ಲದ ನವಿಲು ಹಾಗೇ ಇತ್ತು. ಸುನಂದ ಅಲ್ಲೇ ಗಾಜಿನ ಕೌಂಟರಿನ ಮೇಲೆ ಕೆಲಸಕ್ಕೆ ಕೂತಳು. ಅಂಗಡಿಗೆ ಬಂದವರೆಲ್ಲ ಬಗ್ಗಿ ನೋಡಿ, ಕೊಕ್ಕು ಉದ್ದವಾಯಿತು, ಜುಟ್ಟು ಸಾಲದು ಎಂದು ಸಲಹೆ ಕೊಟ್ಟರು. ಯಶೋದಮ್ಮ ಯಾರಿಗೂ ತೋರಿಸಬಾರದೆಂದಿದ್ದ ನವಿಲನ್ನು ಚಿಕ್ಕಬಳ್ಳಾಪುರದ ಒಂದು ಬೀದಿಯೇ ನೋಡಿತು. ನನ್ನ ಕೆಲಸ ಯಾರೂ ಪ್ಲಗ್ಗಿಗೆ ಕಾಲು ತಾಗಿಸದಂತೆ ಕಾಯುವುದು. ಅದಕ್ಕೂ ಟೀ ಮುಗಿಸಿ ಬಂದ ರೆಡ್ಡಿಯನ್ನು ಮೇಲ್ವಿಚಾರಕನಾಗಿ ನೇಮಿಸಲಾಯಿತು.

ತಲೆ ಮುಗಿಯಿತು. ಡಿಸೈನನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನು ಪರ್ಸಿನ ಒಳಜೇಬಿನಲ್ಲಿಟ್ಟು ಜಿಪ್ ಎಳೆದ ಮೇಲೆ ಸುನಂದ ಹರೀಶನ ಕಡೆ ತಿರುಗಿದಳು.

“ಯಾರೂ ಬಿಚ್ಚಕ್ಕೇ ಆಗ್ದಿರೋ ಲ್ಯಾಪ್‌ಟಾಪು ಯಾವ್ದಾದ್ರೂ ಇದ್ಯೇನಪ್ಪ?”

“ಇದೂ ಅಂಥದ್ದೇ ಮೇಡಂ,” ಎಂದ ಹರೀಶ. “ಸ್ಕ್ರೂ ಬೇರೆ ಥರ, ಒಳಗೆ ಅಂಟು, ಎಲ್ಲಾ ಹಾಕೇ ಮಾಡಿರ್ತಾರೆ. ಕಂಪನಿಯೋರ್ನ ನಾನೂ ಬೈಕೊಂತಾ ಇದ್ದೆ, ಯಾಕ್ ಹಿಂಗ್ ಮಾಡ್ತಾರೆ ಅಂತ.” ನನ್ನನ್ನು ನೋಡಿ ಮಾತು ನಿಲ್ಲಿಸಿದ. ಮುಂದಿನದನ್ನು ಹೇಳದಿರುವಷ್ಟು ಒಳ್ಳೆಯ ಹುಡುಗ.

ಶಿಡ್ಲಘಟ್ಟದ ಬಸ್ಸಿನಲ್ಲಿ ಸುನಂದ ರೆಡ್ಡಿಯ ಪಕ್ಕ ಕೂತಳು. ನಾನು ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತು ಆ ಕಂಪನಿಯವರ ಬಗ್ಗೆ ಯೋಚಿಸಿದೆ. ಅಂಥ ಸ್ಕ್ರೂ, ಅಂಥ ಅಂಟು ಮಾಡಿದವರು ಯಾವ ದೇಶದಲ್ಲಿದ್ದಾರೋ ಗೊತ್ತಿಲ್ಲ. ಅವರು ನನ್ನನ್ನು ಕಂಡವರಲ್ಲ. ಆದರೂ ನಾನೊಬ್ಬ ಇದ್ದೇನೆಂದು ಅವರಿಗೆ ಹೇಗೋ ಮೊದಲೇ ಗೊತ್ತಿತ್ತು.