ಹತ್ತು ನಿಮಿಷದಲ್ಲಿ ತೊಳೆದುಹೋದ ಮುನ್ನೂರು ವರ್ಷ

ಈ ಸಲದ ಚಂದ್ರಹಬ್ಬಕ್ಕೆ ಇಡೀ ಮನೆಯನ್ನು ನಾನೊಬ್ಬನೇ ಥಳಥಳಿಸುವಂತೆ ಮಾಡುತ್ತೇನೆಂದು ಘೋಷಿಸಿದೆ. ನಾನೆಂದರೆ ಯಾರು! ಪಿಂಗಾಣಿಗೇ ಹೆಸರಾದ ಜಿಂಗ್‌ದೆಜೆನ್ ಊರಿನ ಹಳೇ ಪಿಂಗಾಣಿ ಸಂತೆಯಲ್ಲಿ ಇಪ್ಪತ್ತು ವರ್ಷ ಅಂಗಡಿ ಇಟ್ಟವನು. ಅಸಲಿಯೋ ನಕಲಿಯೋ, ಒಮ್ಮೆ ಮೂಸಿ ಹೇಳಿಬಿಡಬಲ್ಲ ಮಹಾಮೂಗಿನ ಒಡೆಯ!

"ಏನ್ ಬೇಕಾದ್ರೂ ತೊಳೀರಿ, ಅಪ್ಪ ಕೊಟ್ಟ ಜಾಡಿ ಮಾತ್ರ ಮುಟ್ಬೇಡಿ," ಎಂದು ಹೇಳಿ ಹೆಂಡತಿ ಪೇಯ್‌ಲಾನ್ ಚಕ್ಕೋತ ತರಲು ಹೋದಳು.

ಮುಟ್ಟಬೇಡ ಎಂದರೆ ಕೈ ಸುಮ್ಮನಿರುತ್ತದೆಯೇ? ಆ ಜಾಡಿ ನಮ್ಮ ಮದುವೆಗೆ ಮಾವ ಕೊಟ್ಟ ಉಡುಗೊರೆ. ಬಿಳಿಯ ಮೇಲೆ ನೀಲಿಯಲ್ಲಿ ಹಳೆಯ ನಾಟಕವೊಂದರ ದೃಶ್ಯ: ಪರೀಕ್ಷೆಗೆ ಓದುತ್ತ ಮೇಜಿನ ಮೇಲೇ ನಿದ್ದೆ ಹೋದ ತರುಣ, ಅವನ ಕನಸಿನೊಳಗೆ ಹೂದೋಟದ ಹುಡುಗಿ. ಮುನ್ನೂರು ವರ್ಷ ಹಳೆಯದೆಂದು ಕೇರಿಗೆಲ್ಲ ಸಾರಿದವನೇ ನಾನು. ಪ್ರತಿ ಚಂದ್ರಹಬ್ಬಕ್ಕೂ ಮಾವ ಬಂದು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಭೂತಗನ್ನಡಿ ಹಿಡಿದು ನೋಡಿದ ಮೇಲೇ ಊಟಕ್ಕೇಳುವುದು.

ತರುಣನ ಮೂಗಿನ ಮೇಲೊಂದು ಕಂದು ಕಲೆ ಕಣ್ಣಿಗೆ ಬಿತ್ತು. ಬಿಸಿನೀರು, ಸೋಪಿನಪುಡಿ, ಹಳೇ ಬ್ರಷ್ಷು. ಕಲೆ ಹೋಯಿತು. ಅದರ ಹಿಂದೆಯೇ ಅಂಚಿನ ಕಂದು, ಬಿರುಕುಗಳ ಕಪ್ಪು, ತಳದ ಮಣ್ಣು ಎಲ್ಲವೂ ಹೋಯಿತು! ಜಾಡಿ ನಿನ್ನೆ ಭಟ್ಟಿಯಿಂದ ಇಳಿದಂತೆ ಹೊಳೆಯಿತು. ಯುದ್ಧ, ಪ್ರವಾಹ, ಕ್ರಾಂತಿಗಳನ್ನೆಲ್ಲ ದಾಟಿ ಬಂದ ಮುನ್ನೂರು ವರ್ಷಗಳನ್ನು ನಾನು ಹತ್ತೇ ನಿಮಿಷದಲ್ಲಿ ಮೋರಿಗೆ ಹರಿಸಿದ್ದೆ!

ಪೇಯ್‌ಲಾನ್ ಒಳಗೆ ಬಂದವಳೇ ಚಕ್ಕೋತ ಕೈಬಿಟ್ಟಳು.

"ರೀ! ಏನ್ರೀ ಮಾಡಿದ್ರಿ?"

"ಸ್ವಲ್ಪ... ಸ್ನಾನ ಮಾಡಿಸ್ದೆ."

"ಅಪ್ಪ ಇನ್ನರ್ಧ ಗಂಟೇಲಿ ಬರ್ತಾರೆ! ಇದನ್ನ ನೋಡಿದ್ರೆ ಮತ್ತೆ ಈ ಹೊಸ್ತಿಲು ತುಳಿಯಲ್ಲ, ನೋಡ್ತಿರಿ!"

ಅವಳ ಕಣ್ಣು ತುಂಬಿತ್ತು. ತಾಯಿಯಿಲ್ಲದವಳಿಗೆ ಅಪ್ಪನೊಬ್ಬನೇ ತವರು. ಆಗ ನನಗೆ ನಿಜವಾಗಿಯೂ ಭಯವಾಯಿತು.

ಗಟ್ಟಿ ಚಹಾ, ಬಾಣಲೆಯ ಮಸಿ, ಹೂಕುಂಡದ ಮಣ್ಣು! ನಾನು ಬಳಿದೆ, ಅವಳು ಬೀಸಣಿಗೆ ಬೀಸಿ ಒಣಗಿಸಿದಳು. ಎರಡು ಶತಮಾನ ಮೆತ್ತುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಮಾವ ಕುಳಿತರು. ಜಾಡಿ ತೊಡೆಗೇರಿತು, ಭೂತಗನ್ನಡಿ ಹೊರಬಂತು. ಅಂಚಿಗೆ ಬೆರಳು ತಾಗಿಸಿದರು. ಬೆರಳನ್ನು ನೆಕ್ಕಿದರು!

"ಅಳಿಯಂದ್ರೇ, ಇದು ಯಾವ ಚಹಾ?"

"ಮ... ಮಲ್ಲಿಗೆ ಚಹಾ, ಮಾವ. ತಪ್ಪಾಯ್ತು, ತೊಳೆದುಬಿಟ್ಟೆ!"

"ಮಲ್ಲಿಗೇನಾ? ಥೂ! ನಾನು ಕರಿ ಚಹಾದಲ್ಲಿ ಮೂರು ದಿನ ಕುದಿಸಿ, ಕೋಳಿಗೂಡಿನ ಹಿಂದೆ ಒಂದು ವರ್ಷ ಹೂತಿಟ್ಟಿದ್ದೆ, ಗೊತ್ತಾ?"

"ಅಂದ್ರೆ ಅಪ್ಪಾ, ಇದು..." ಪೇಯ್‌ಲಾನ್ ತೊದಲಿದಳು.

"ನಿಮ್ಮಮ್ಮ ಚಿತ್ರ ಬರೆದ್ಲು, ನಾನು ಹಳೇದು ಮಾಡ್ದೆ. ಮಾರೋಕೆ ಅಂತಾನೇ ಮಾಡಿದ್ದು, ಮನಸ್ಸು ಬರ್ಲಿಲ್ಲ." ಮಾವ ಅಂಗಿಯ ತೋಳಿನಿಂದ ನಾನು ಬಳಿದ ಮಸಿಯನ್ನೆಲ್ಲ ಒರೆಸಿ, ಹೂದೋಟದ ಹುಡುಗಿಯನ್ನು ಬಹಳ ಹೊತ್ತು ನೋಡಿದರು. "ಅವಳು ಎಳೆದ ಗೆರೆ ಇಷ್ಟು ಚೆನ್ನಾಗಿ ಕಂಡು ಎಷ್ಟು ವರ್ಷ ಆಗಿತ್ತೋ!"

ಹೋದ ಜೀವ ಬಂತೆಂದು ನಾನು ಉಸಿರು ಬಿಡುವಷ್ಟರಲ್ಲಿ ಭೂತಗನ್ನಡಿ ನನ್ನತ್ತ ತಿರುಗಿತು.

"ಅದ್ಸರಿ, ಸೋಪಿಗೆ ಹೋಗೋ ಕೊಳೆ ನಕಲಿ ಅಂತ ಗಿರಾಕಿಗಳಿಗೆಲ್ಲ ಪಾಠ ಹೇಳೋರು ನೀವೇ ಅಲ್ವಾ, ಅಳಿಯಂದ್ರೇ?"

ಪೇಯ್‌ಲಾನ್ ಕಣ್ಣೊರೆಸಿಕೊಂಡು, ನೆಲದಲ್ಲಿ ಬಿದ್ದಿದ್ದ ಚಕ್ಕೋತವನ್ನೆತ್ತಿ ನನ್ನ ಮುಖಕ್ಕೆ ಹಿಡಿದಳು.

"ರೀ, ಸ್ವಲ್ಪ ಮೂಸಿ ಹೇಳಿ, ಇದಾದ್ರೂ ಅಸಲೀನಾ?"